ನಿಂತಲ್ಲೇ ಆಫ್ ಆಗುವ ಕಾರು

ಆರ್‌ಟಿಓ ಟೆಸ್ಟ್ ಟ್ರ್ಯಾಕಿನಲ್ಲಿ ಕಾರು ಮೂರನೇ ಸಲ ಆಫ್ ಆದಾಗ ಹಿಂದಿನ ಸೀಟಿನಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಪೆನ್ನಿಗೆ ಕ್ಯಾಪ್ ಹಾಕಿದರು. "ಸಾಕಮ್ಮ, ಇಳೀರಿ. ಇನ್ನೊಂದ್ಸಲ ಬನ್ನಿ" ಎಂದರು. ಸ್ಟೀರಿಂಗ್ ಹಿಡಿದಿದ್ದ ಹೆಣ್ಣುಮಗಳು ಕೈ ತೆಗೆಯಲೇ ಇಲ್ಲ. ಅವಳಿಗೆ ಎರಡು ತಿಂಗಳಿಂದ ಕಲಿಸುತ್ತಿದ್ದವಳು ನಾನು. ಪಕ್ಕದ ಸೀಟಿನಲ್ಲೇ ಇದ್ದೆ. ಆ ಇನ್ಸ್‌ಪೆಕ್ಟರ್ ಎದುರಿಗೇ ಅವಳಿಗೆ ಮಂಗಳಾರತಿ ಎತ್ತಿದೆ.

"ಎಷ್ಟು ಸಲ ಬಡ್ಕೊಂಡಿದೀನಿ, ಕ್ಲಚ್ ನಿಧಾನಕ್ಕೆ ಬಿಡು ಅಂತ? ಕಾಲಲ್ಲಿ ಜೀವ ಇಲ್ವೇನಮ್ಮ ನಿಂಗೆ?"

"ನಿಧಾನಕ್ಕೇ ಬಿಟ್ಟೆ ಕಣ್ ಮೇಡಂ" ಎಂದಳು ಅವಳು. ಅಷ್ಟೇ. ಆಮೇಲೆ ಬಾಗಿಲು ತೆಗೆದು ಇಳಿದು ಬೇವಿನ ಮರದ ಕೆಳಗೆ ಹೋಗಿ ನಿಂತಳು. ಅತ್ತಳೋ ಇಲ್ಲವೋ ನಾನು ನೋಡಲಿಲ್ಲ. ನನಗೆ ಸಿಟ್ಟೇ ಇಳಿದಿರಲಿಲ್ಲ.

ತುಮಕೂರಿನ ಸದಾಶಿವನಗರದಲ್ಲಿ ನನ್ನದೊಂದು ಸಣ್ಣ ಡ್ರೈವಿಂಗ್ ಸ್ಕೂಲ್. ಇರುವುದು ಒಂದೇ ಕಾರು, ಹದಿನಾರು ವರ್ಷದ ಪೆಟ್ರೋಲ್ ಗಾಡಿ. ಕಲಿಯಲು ಬರುವವರು ಬಹುಪಾಲು ಹೆಂಗಸರೇ. ಈ ಹೆಣ್ಣುಮಗಳು ಗುಬ್ಬಿ ತಾಲ್ಲೂಕಿನ ಕಡಬದ ಕಡೆಯವಳು. ದಿನಾ ಎರಡು ಬಸ್ಸು ಹತ್ತಿ ಇಳಿದು ನನ್ನ ಹತ್ತಿರ ಬರುತ್ತಿದ್ದಳು, ಗಂಡಸರ ಹತ್ತಿರ ಕಲಿಯಲು ಮನೆಯಲ್ಲಿ ಒಪ್ಪಿರಲಿಲ್ಲ. ಅವಳೇನೂ ಷೋಕಿಗೆ ಕಲಿಯುತ್ತಿರಲಿಲ್ಲ. ಅವರ ಪಂಚಾಯ್ತಿಗೆ ಮನೆಮನೆಯ ಕಸ ಎತ್ತುವ ಸಣ್ಣ ನಾಲ್ಕು ಚಕ್ರದ ಗಾಡಿ ಬಂದಿತ್ತು. ಮಹಿಳಾ ಸಂಘದವಳೇ ಅದನ್ನು ಓಡಿಸಬೇಕು ಎಂದು ತೀರ್ಮಾನವಾಗಿ, ಮೊದಲ ಹೆಸರು ಇವಳದೇ ಆಗಿತ್ತು. ಅಲ್ಲಿಯವರೆಗೆ ಕಾಯಿ ಸುಲಿಯುವ ಕಡೆ ಕೂಲಿಗೆ ಹೋಗುತ್ತಿದ್ದವಳು. ಮುಂದಿನ ತಿಂಗಳ ಸಭೆಯೊಳಗೆ ಲೈಸೆನ್ಸ್ ತಂದು ತೋರಿಸಿದರೆ ಕೆಲಸ ಅವಳದು, ಇಲ್ಲದಿದ್ದರೆ ಪಟ್ಟಿಯ ಎರಡನೇ ಹೆಸರಿಗೆ ಹೋಗುತ್ತಿತ್ತು. ಗಾಡಿ ಆಗಲೇ ಪಂಚಾಯ್ತಿ ಆಫೀಸಿನ ಪಕ್ಕ ಟಾರ್ಪಾಲು ಹೊದ್ದುಕೊಂಡು ನಿಂತಿದೆ, ಬಸ್ ಇಳಿದಾಗಲೆಲ್ಲ ಅದನ್ನೇ ನೋಡಿಕೊಂಡು ಮನೆಗೆ ಹೋಗ್ತೀನಿ ಎಂದು ಒಮ್ಮೆ ಹೇಳಿದ್ದಳು.

ಇನ್ನೊಂದು ಸಲ ಟೆಸ್ಟ್ ಕೊಡಲು ಹದಿನೈದು ದಿನದ ಮೇಲೆ ದಿನ ಸಿಕ್ಕಿತು. ಅದೂ ಹೋದರೆ ಸಭೆಯೊಳಗೆ ಮತ್ತೆ ಅವಕಾಶ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಸದಾಶಿವನಗರದವಳೇ ಆದ ಇನ್ನೊಬ್ಬ ಹುಡುಗಿ, ಬ್ಯಾಂಕಿನ ಕೆಲಸದವಳು, ಕಲಿಯಲು ಬಂದಳು. ಪಾರ್ಕಿನ ಪಕ್ಕ ಗಾಡಿ ನಿಲ್ಲಿಸಿ, ನ್ಯೂಟ್ರಲ್ ಹಾಕಿಸಿ, ಕನ್ನಡಿ ಹೇಗೆ ನೋಡಬೇಕು ಎಂದು ಹೇಳುತ್ತಿದ್ದೆ. ಎಂಜಿನ್ ಒಮ್ಮೆ ಗೊರಗೊರ ಎಂದಿತು, ಸ್ಟೀರಿಂಗ್ ನಡುಗಿತು, ಆಫ್ ಆಯಿತು. ಕ್ಲಚ್ಚಿಲ್ಲ, ಗೇರಿಲ್ಲ, ಏನೂ ಇಲ್ಲ. ಅಯ್ಯೋ ಅನಿಸಿತು. ಕಡಬದವಳ ಕಾಲಿನ ತಪ್ಪಾಗಿದ್ದರೆ ಇವಳ ಕೈಯಲ್ಲೇಕೆ ನಿಲ್ಲಬೇಕು?

ಆದರೂ ಅವಳಿಗೆ ಫೋನ್ ಮಾಡಿ ತಪ್ಪಾಯಿತು ಎನ್ನಲಿಲ್ಲ. ನನ್ನ ಸ್ವಭಾವವೇ ಹಾಗೆ. ಒಬ್ಬರ ಮೇಲಿನ ಅನುಮಾನ ಹೋದರೆ ಮನಸ್ಸು ಹಗುರಾಗುವುದಿಲ್ಲ, ಇನ್ನೊಬ್ಬರ ಮೇಲೆ ಕೂರುತ್ತದೆ. ಈ ಸಲ ಕೂತದ್ದು ಮೇಸ್ತ್ರಿಯ ಮೇಲೆ.

ಹತ್ತು ವರ್ಷದಿಂದ ಈ ಕಾರು ನೋಡಿಕೊಳ್ಳುವ ಮೆಕ್ಯಾನಿಕ್ ಗುಬ್ಬಿಯವರು. ಅರವತ್ತು ದಾಟಿದೆ. ಹಣೆಯ ಮೇಲೆ ವಿಭೂತಿ, ಕೈಗೆ ಗ್ರೀಸು, ಮಾತು ಕಡಿಮೆ. ನಾನೂ ಎಲ್ಲರ ಹಾಗೆ ಮೇಸ್ತ್ರಿ ಎಂದೇ ಕರೆಯುತ್ತೇನೆ. ಹೋದ ತಿಂಗಳು ಸರ್ವಿಸ್ ಮಾಡಿದ್ದು ಅವರೇ. ಅದಕ್ಕೆ ಮೊದಲು ಬ್ರೇಕ್ ಪ್ಯಾಡ್ ಹಾಕಿಕೊಟ್ಟಿದ್ದೂ ಅವರೇ, ಅದೂ ವರ್ಷದಲ್ಲಿ ಎರಡನೇ ಸಲ. ಯಾವ ಕಾರಿನ ಪ್ಯಾಡು ಆರು ತಿಂಗಳಿಗೆ ಸವೆಯುತ್ತದೆ? ಡೂಪ್ಲಿಕೇಟ್ ಮಾಲು ಹಾಕಿದ್ದಾರೆ ಎಂದು ಆಗಲೇ ತಲೆಯಲ್ಲಿ ಹುಳ ಬಿಟ್ಟುಕೊಂಡಿದ್ದೆ. ಈಗ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗೂ ಡೂಪ್ಲಿಕೇಟೇ ಇರಬೇಕು ಎಂದುಕೊಂಡು, ತುಮಕೂರಿನ ಅಂಗಡಿಯಲ್ಲಿ ನಾನೇ ನಾಲ್ಕು ಹೊಸ ಪ್ಲಗ್ ಕೊಂಡು, ಡಬ್ಬ ಒಡೆಯದೆ ಹಿಡಿದುಕೊಂಡು ಗುಬ್ಬಿಗೆ ಹೋದೆ.

"ಹಳೇ ಪ್ಲಗ್ ಚೆನ್ನಾಗೇ ಅವೆ ಮೇಡಂ" ಎಂದರು ಮೇಸ್ತ್ರಿ, ಬಿಚ್ಚಿ ತೋರಿಸಿ. ತುದಿ ಬಿಸ್ಕತ್ತಿನ ಬಣ್ಣಕ್ಕಿತ್ತು. ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆ ಎನ್ನುವುದಕ್ಕೆ ಅದೇ ಗುರುತು.

"ಇರ್ಲಿ, ಹೊಸದೇ ಹಾಕಿ."

ಹಾಕಿದರು. ಆಮೇಲೆ ಒಂದೊಂದಾಗಿ ಶುರು ಮಾಡಿದರು. ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಇಳಿಸಿ, ಒಳಗೆ ಕಟ್ಟಿದ್ದ ಕಪ್ಪು ಮಸಿಯನ್ನು ಸ್ಪ್ರೇ ಹೊಡೆದು ಬ್ರಷ್ಷಿನಲ್ಲಿ ಉಜ್ಜಿದರು. ಕಾರು ನಿಂತಾಗ ಎಂಜಿನ್ನಿಗೆ ಬೇಕಾದ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಸಣ್ಣ ವಾಲ್ವ್ ಇರುತ್ತದೆ, ಅದನ್ನೂ ತೊಳೆದು ಕೂರಿಸಿದರು. ಸ್ಕ್ಯಾನರ್ ಹಾಕಿದರೆ ಒಂದೂ ತಪ್ಪು ತೋರಿಸಲಿಲ್ಲ. ಕೊನೆಗೆ ಎಂಜಿನ್ ಓಡುತ್ತಿರುವಾಗ ರಬ್ಬರ್ ಪೈಪುಗಳ ಸಂದಿಸಂದಿಗೂ ಸ್ಪ್ರೇ ಹೊಡೆದರು. ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಎಂಜಿನ್ ಆ ಸ್ಪ್ರೇಯನ್ನು ಎಳೆದುಕೊಂಡು ಸದ್ದು ಬದಲಾಗುತ್ತದೆ. ಬದಲಾಗಲಿಲ್ಲ. ನಾನು ಸ್ಟೂಲ್ ಹಾಕಿಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವರ ಕೈಯನ್ನೇ ನೋಡುತ್ತಿದ್ದೆ.

ಒಂದು ಗಂಟೆ ಎಂಜಿನ್ ಓಡಿಸಿಟ್ಟರು. ಏಸಿ ಹಾಕಿ, ಹೆಡ್‌ಲೈಟ್ ಹಾಕಿ ನೋಡಿದರು. ಅವರೇ ಕಡಬದ ಕೆರೆ ಏರಿಯವರೆಗೆ ಓಡಿಸಿಕೊಂಡು ಹೋಗಿ ಬಂದರು. ಕಾರು ಒಂದು ಸಲ ಕೆಮ್ಮಲೂ ಇಲ್ಲ.

"ಏನೂ ಇಲ್ಲ ಮೇಡಂ ಇದ್ರಲ್ಲಿ."

"ಏನೂ ಇಲ್ದೆ ಟೆಸ್ಟಲ್ಲಿ ಮೂರು ಸಲ ನಿಲ್ತದಾ ಮೇಸ್ತ್ರಿ?"

"ನಿಂತೈತೆ ಅಂತ ನೀವು ಹೇಳ್ತಿದೀರ. ನನ್ ಮುಂದೆ ನಿಲ್ತಾ ಇಲ್ಲ. ನಿಲ್ದೇ ಇರೋದನ್ನ ನಾನೆಂಗೆ ರಿಪೇರಿ ಮಾಡ್ಲಿ?"

ಇವರಿಗೆ ವಯಸ್ಸಾಯಿತು, ಹೊಸದು ತಿಳಿಯುವುದಿಲ್ಲ, ಒಪ್ಪಿಕೊಳ್ಳಲು ಬಿಗುಮಾನ ಎಂದುಕೊಂಡು ವಾಪಸು ಬಂದೆ. ಮಾರನೇ ದಿನ ಕಡಬದವಳು ಪಾಠಕ್ಕೆ ಬಂದಳು. ಹತ್ತು ನಿಮಿಷದಲ್ಲಿ ಕಾರು ಎರಡು ಸಲ ಆಫ್ ಆಯಿತು. ಅವಳು ನನ್ನ ಮುಖವನ್ನೇ ನೋಡಲಿಲ್ಲ. ಸೆರಗಿನಲ್ಲಿ ಅಂಗೈ ಒರೆಸಿಕೊಂಡು ಕೀ ತಿರುಗಿಸಿದಳು.

ಆಮೇಲೆ ಪೆಟ್ರೋಲ್ ಮೇಲೆ ಅನುಮಾನ ಬಂತು. ಗಾಡಿ ಮೊದಲಿನಷ್ಟು ಮೈಲೇಜ್ ಕೊಡುತ್ತಿಲ್ಲ ಎಂದು ಬೇರೆ ಅನಿಸುತ್ತಿತ್ತಲ್ಲ. ಟ್ಯಾಂಕಿನಿಂದ ಒಂದು ಬಾಟಲಿ ತೆಗೆದು ಬಿಸಿಲಿಗೆ ಹಿಡಿದೆ, ತಳದಲ್ಲಿ ನೀರು ನಿಂತಿದೆಯೋ ಎಂದು ಅರ್ಧ ದಿನ ಇಟ್ಟು ನೋಡಿದೆ. ಇನ್ನೊಂದು ಬಂಕಿನ ಪೆಟ್ರೋಲನ್ನು ಪಕ್ಕದಲ್ಲಿಟ್ಟು ಬಣ್ಣ ಹೋಲಿಸಿದೆ. ನಮ್ಮೆಜಮಾನರು ಅಡುಗೆಮನೆ ಬಾಗಿಲಲ್ಲಿ ನಿಂತು, "ಏನೇ ಇದು, ಲ್ಯಾಬೊರೇಟರಿ ಮಾಡ್ಬಿಟ್ಟೆ ಹಿತ್ತಲನ್ನ? ಬೆಂಕಿ ಗಿಂಕಿ ಹಚ್ಕೊಂಡ್ಬಿಟ್ಟೀಯ" ಎಂದು ಬೈದರು. ಎರಡು ಬಾಟಲಿಯೂ ಒಂದೇ ಥರ ಇದ್ದವು.

ಉಳಿದದ್ದು ಒಬ್ಬ. ನಮ್ಮ ಸ್ಕೂಲಿನಲ್ಲಿ ಮೂರು ವರ್ಷ ಕಲಿಸಲು ಇದ್ದ ಮೇಷ್ಟ್ರು, ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವನು. ಐದು ತಿಂಗಳ ಹಿಂದೆ ಕೆಲಸ ಬಿಟ್ಟು ಕುಣಿಗಲ್ಲಿನಲ್ಲಿ ಸ್ವಂತ ಸ್ಕೂಲ್ ತೆರೆದಿದ್ದ. ಬಿಡುವಾಗ ನಗುನಗುತ್ತಲೇ ಬಿಟ್ಟಿದ್ದ. ಆ ನಗುವೇ ಈಗ ನನ್ನ ಕಣ್ಣಿಗೆ ಕಟ್ಟತೊಡಗಿತು. ಹೋಗುವ ಮುಂಚೆ ಬಾನೆಟ್ ಎತ್ತಿ ಏನೋ ತಿರುಗಿಸಿ ಹೋಗಿದ್ದರೆ? ನನ್ನ ಕಾರು ಟೆಸ್ಟಿನಲ್ಲಿ ನಿಂತರೆ ಕಲಿಯುವವರು ಎಲ್ಲಿಗೆ ಹೋಗುತ್ತಾರೆ? ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆವತ್ತು ಮಾತ್ರ ಕಳ್ಳ ಸಿಕ್ಕಿಬಿದ್ದ ಎನ್ನುವಷ್ಟು ಖುಷಿಯಾಗಿತ್ತು.

ಭಾನುವಾರ ಒಬ್ಬಳೇ ಕುಣಿಗಲ್ಲಿಗೆ ಹೋದೆ. ಅವನು ಎದ್ದು ಬಂದು, ಕುರ್ಚಿ ಹಾಕಿ, ಟೀ ತರಿಸಿದ.

"ಏನಪ್ಪಾ, ನನ್ ಕಾರಿಗೆ ಏನ್ ಮಾಡಿ ಬಂದೆ?" ಎಂದೆ ನೇರವಾಗಿ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಟೀ ಲೋಟ ಕೆಳಗಿಟ್ಟ. "ಮೇಡಂ, ಮೂರು ವರ್ಷ ನಿಮ್ಮನೇಲಿ ಊಟ ಮಾಡಿದೀನಿ. ಇಂಥ ಮಾತಾಡ್ತೀರಲ್ಲ, ಸರೀನಾ? ನಾನಿದ್ದಷ್ಟು ದಿನ ಆ ಗಾಡಿ ಒಂದ್ ದಿನಾನೂ ಹಂಗೆ ನಿಂತಿಲ್ಲ. ನನ್ ಹತ್ರ ಕಲ್ತೋರ್ನ ಬೇಕಾದ್ರೆ ಕೇಳಿ."

"ನೀನು ಬಿಟ್ಮೇಲೇ ತಾನೇ ಶುರುವಾಗಿದ್ದು?"

"ಹೌದು ಮೇಡಂ. ನಾನು ಬಿಟ್ಮೇಲೆ. ಅದೇ ನಾನೂ ಹೇಳ್ತಿರೋದು."

ಆ ಮಾತಿನಲ್ಲಿ ಏನಿತ್ತು ಎಂದು ನಾನು ಯೋಚಿಸಲಿಲ್ಲ. ಟೀ ಮುಟ್ಟದೆ ಎದ್ದು ಬಂದೆ. ಕುಣಿಗಲ್ಲಿನಿಂದ ತುಮಕೂರಿನವರೆಗೆ ನಾನೇ ಓಡಿಸಿಕೊಂಡು ಬಂದೆ. ದಾರಿಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತೆ, ರೈಲ್ವೆ ಗೇಟಿನಲ್ಲಿ ಎಂಜಿನ್ ಓಡಿಸಿಕೊಂಡೇ ಕಾಲು ಗಂಟೆ ಕಾದೆ. ಕಾರು ಹಸುವಿನ ಹಾಗೆ ಸುಮ್ಮನೆ ನಿಂತಿತ್ತು. ನನ್ನ ಕೈಯಲ್ಲಿ ಸರಿ, ಮೇಸ್ತ್ರಿ ಕೈಯಲ್ಲಿ ಸರಿ, ಅವನ ಕಾಲದಲ್ಲಿ ಸರಿ. ಕಲಿಯುವವರ ಕೈಯಲ್ಲಿ ಮಾತ್ರ ಕೆಡುತ್ತದೆ. ಹಾಗಾದರೆ ಕಲಿಯುವವರದೇ ಏನೋ ಇರಬೇಕು ಎಂದು ನನ್ನ ಬುದ್ಧಿ ಮತ್ತೆ ಕಡಬದವಳ ಹತ್ತಿರವೇ ಹೋಗಿ ನಿಂತಿತು.

ಟೆಸ್ಟಿಗೆ ಎಂಟು ದಿನ ಉಳಿದಿತ್ತು. ಆಗ ಒಂದು ನೋಟ್‌ಬುಕ್ ಇಟ್ಟೆ. ಕಾರು ಆಫ್ ಆದಾಗಲೆಲ್ಲ ಬರೆಯುವುದು: ಎಷ್ಟು ಹೊತ್ತಿಗೆ, ಎಲ್ಲಿ, ಎಂಜಿನ್ ಬಿಸಿಯಾಗಿತ್ತೋ ತಣ್ಣಗಿತ್ತೋ, ಏಸಿ ಇತ್ತೋ, ಯಾವ ಗೇರ್, ಸ್ಟೀರಿಂಗ್ ಹಿಡಿದವರು ಯಾರು. ಮೂರು ದಿನದಲ್ಲಿ ಹನ್ನೊಂದು ಸಲ ಬರೆದೆ. ಇಷ್ಟು ಚೊಕ್ಕಟವಾಗಿ ಬರೆದಿರುವುದನ್ನು ತೋರಿಸಿದರೆ ಮೇಸ್ತ್ರಿ ಇನ್ನು ನುಣುಚಿಕೊಳ್ಳುವಂತಿಲ್ಲ ಎಂದುಕೊಂಡು, ಕಡಬದವಳನ್ನೂ ಜೊತೆಗೆ ಕೂರಿಸಿಕೊಂಡು ಗುಬ್ಬಿಗೆ ಹೋದೆ. ಓಡಿಸಿದ್ದು ಅವಳೇ. ದಾರಿಯಲ್ಲಿ ನಾಲ್ಕು ಸಲ ಆಫ್ ಆಯಿತು.

ಮೇಸ್ತ್ರಿ ಕನ್ನಡಕ ಹಾಕಿಕೊಂಡು ಪುಟಪುಟವಾಗಿ ಓದಿದರು. ತಿರುಗಿ ಮೊದಲಿನಿಂದ ಓದಿದರು. ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟರು.

"ಎಲ್ಲಾ ಬರ್ದಿದೀರ ಮೇಡಂ. ಪಕ್ಕದ್ ಸೀಟಲ್ಲಿ ಯಾರಿದ್ರು ಅಂತ ಮಾತ್ರ ಬರ್ದಿಲ್ಲ."

"ಪಕ್ಕದ ಸೀಟಲ್ಲಿ ಇನ್ಯಾರಿರ್ತಾರೆ? ನಾನೇ."

"ಹನ್ನೊಂದು ಸಲಾನೂ?"

"ಹನ್ನೊಂದು ಸಲಾನೂ ನಾನೇ."

ಅವರು ಎದ್ದು ಕನ್ನಡಕ ತೆಗೆದಿಟ್ಟರು. ಕಡಬದವಳಿಗೆ, "ನೀನು ಹೋಗಿ ಕೂತ್ಕೊಳವ್ವ, ಸ್ಟಾರ್ಟ್ ಮಾಡ್ಕೊಂಡು ಇಲ್ಲೇ ಬೈಪಾಸ್ ತಂಕ ಹೋಗಿ ಬಾ. ಮೇಡಂ ದಿನಾ ಕೂತ್ಕೊಳೋ ಹಂಗೇ ಕೂತಿರ್ಲಿ" ಎಂದರು. ತಮ್ಮ ಸ್ಕೂಟರ್ ಹತ್ತಿ ಹಿಂದೆ ಬಂದರು. ಬೈಪಾಸಿನ ಹತ್ತಿರ ಒಮ್ಮೆ ಆಫ್ ಆಯಿತು, ತಿರುಗಿಸುವಾಗ ಇನ್ನೊಮ್ಮೆ. ಗ್ಯಾರೇಜಿಗೆ ಬಂದು ನಿಲ್ಲಿಸಿದರೆ ಮೇಸ್ತ್ರಿ ಸ್ಕೂಟರ್ ಸ್ಟ್ಯಾಂಡ್ ಹಾಕುತ್ತಾ ಕೇಳಿದರು.

"ಏನವ್ವ, ದಾರಿಯುದ್ದಕ್ಕೂ ಬ್ರೇಕ್ ಒತ್ಕೊಂಡೇ ಹೋದ್ಯಾ?"

"ಇಲ್ಲ ಸಾರ್" ಎಂದಳು ಅವಳು, ಗಾಬರಿಯಾಗಿ. "ತಿರುಗಿಸ್ವಾಗ ಮಾತ್ರ ಒತ್ತಿದ್ದು."

"ಹಿಂದ್ಗಡೆ ಬ್ರೇಕ್ ಲೈಟು ಇಲ್ಲಿಂದ ಅಲ್ಲೀ ತಂಕ ಉರೀತಾನೇ ಇತ್ತು ಕಣವ್ವ."

ಸ್ವಿಚ್ ಹಾಳಾಗಿರಬೇಕು ಎಂದೆ. ಮೇಸ್ತ್ರಿ ತಲೆ ಅಲ್ಲಾಡಿಸಿದರು. ಎಂಜಿನ್ ಓಡುತ್ತಿತ್ತು. ಅವರು ನನ್ನ ಕಡೆಯ ಬಾಗಿಲು ತೆಗೆದು, ಒಂದು ಮೊಣಕಾಲೂರಿ ಬಗ್ಗಿ, ನನ್ನ ಕಾಲಿನ ಹತ್ತಿರ ನೋಡಿದರು. ಕಲಿಸುವ ಕಾರುಗಳಲ್ಲಿ ನಮ್ಮ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಒಂದು ಸರಳಿನಿಂದ ಡ್ರೈವರ್ ಕಡೆಯ ಪೆಡಲ್ಲಿಗೆ ಜೋಡಿಸಿರುತ್ತಾರೆ. ಇತ್ತ ಒತ್ತಿದರೆ ಅತ್ತಲೂ ಇಳಿಯುತ್ತದೆ.

"ಮೇಡಂ, ಬಲಗಾಲು ಸ್ವಲ್ಪ ಹಿಂದಕ್ಕೆ ತಗೊಳಿ."

ನೋಡಿಕೊಂಡೆ. ನನ್ನ ಚಪ್ಪಲಿ ಬ್ರೇಕ್ ಪೆಡಲ್ಲಿನ ಮೇಲಿತ್ತು. ಇಟ್ಟದ್ದು ಯಾವಾಗ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ತೆಗೆದೆ. ನಡುಗುತ್ತಿದ್ದ ಎಂಜಿನ್ ಸದ್ದು ನೆಟ್ಟಗಾಯಿತು.

"ಈಗ ಮೆಲ್ಲಗೆ ಇಡಿ. ಒತ್ಬೇಡಿ, ಇಡಿ ಅಷ್ಟೇ."

ಇಟ್ಟೆ. ಡ್ಯಾಷ್‌ಬೋರ್ಡಿನ ಹಿಂದೆಲ್ಲೋ ಸುಯ್ ಎಂದು ಸಣ್ಣಗೆ ಗಾಳಿಯ ಸದ್ದು. ಎಂಜಿನ್ ಗೊರಗೊರ ಎಂದು ಇಳಿಯಿತು.

"ತೆಗೀರಿ." ಏರಿತು. "ಇಡಿ." ಇಳಿಯಿತು. ಮೂರನೇ ಸಲ ಇಟ್ಟಾಗ ಆಫ್ ಆಗಿಯೇ ಹೋಯಿತು.

ನನಗೆ ಮೊದಲು ಬಂದದ್ದು ಸಿಟ್ಟು. ಇದು ಮೇಸ್ತ್ರಿಯ ಏನೋ ಆಟ, ತಮ್ಮ ತಪ್ಪು ಮುಚ್ಚಿಕೊಳ್ಳಲು ನನ್ನ ಮೇಲೆ ಹಾಕುತ್ತಿದ್ದಾರೆ ಎಂದೇ ಅನಿಸಿತು, ಸುಳ್ಳು ಯಾಕೆ ಹೇಳಲಿ. "ನಾನು ಯಾವಾಗ್ಲೂ ಹಂಗೆ ಇಡೋದಿಲ್ಲ ಮೇಸ್ತ್ರಿ. ಇವತ್ತೆಲ್ಲೋ ಇಟ್ಟಿರ್ಬೇಕು" ಎಂದೆ.

ಅವರು ಜಗಳಕ್ಕೆ ಬರಲಿಲ್ಲ. ನನ್ನನ್ನು ಇಳಿಯಲು ಹೇಳಿ, ಟಾರ್ಚ್ ಹಿಡಿದು ನನ್ನ ಕಡೆಯ ಎರಡು ಪೆಡಲ್ ತೋರಿಸಿದರು. ಕ್ಲಚ್ಚಿನ ರಬ್ಬರು ಅಂಗಡಿಯಿಂದ ತಂದ ಹಾಗೇ ಇತ್ತು, ಗೆರೆಯೆಲ್ಲ ಎದ್ದು ಕಾಣುತ್ತಿತ್ತು. ಬ್ರೇಕಿನ ರಬ್ಬರು ಸವೆದು ನುಣ್ಣಗಾಗಿ, ಒಂದು ಮೂಲೆಯಲ್ಲಿ ಕಬ್ಬಿಣವೇ ಹೊಳೆಯುತ್ತಿತ್ತು. ಎರಡನ್ನೂ ಒಂದೇ ದಿನ ಹಾಕಿಸಿದ್ದು.

ಮೇಸ್ತ್ರಿ ಬಿಡಿಸಿ ಹೇಳಿದರು. ಬ್ರೇಕ್ ಹಗುರವಾಗಿ ಹಿಡಿಯಲೆಂದು ಪೆಡಲ್ಲಿನ ಹಿಂದೆ ದುಂಡನೆಯ ಡಬ್ಬಿಯೊಂದು ಇರುತ್ತದೆ, ಬೂಸ್ಟರ್ ಎನ್ನುತ್ತಾರೆ. ಅದು ಎಂಜಿನ್ನಿನ ಗಾಳಿಯ ಎಳೆತದಿಂದಲೇ ಕೆಲಸ ಮಾಡುತ್ತದೆ. ನಮ್ಮ ಕಾರಿನ ಬೂಸ್ಟರ್ ಒಳಗಿನ ರಬ್ಬರು ಹಳೆಯದಾಗಿ ಸೀಳಿತ್ತು. ಪೆಡಲ್ ಪೂರ್ತಿ ಒತ್ತಿದರೆ ಸೀಳು ಒಳಗಿನ ತಟ್ಟೆಗೆ ಒತ್ತಿಕೊಂಡು ಮುಚ್ಚಿಹೋಗುತ್ತಿತ್ತು. ಪೂರ್ತಿ ಬಿಟ್ಟರೂ ಏನೂ ಆಗುತ್ತಿರಲಿಲ್ಲ. ಒತ್ತಿಯೂ ಒತ್ತದ ಹಾಗೆ ಕಾಲಿಟ್ಟುಕೊಂಡು ಕೂತರೆ ಮಾತ್ರ ಅದು ಬಾಯಿ ತೆರೆದು ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಬಿಡುತ್ತಿತ್ತು. ಗಾಳಿ ಅತಿಯಾದರೆ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ನಿಲ್ಲುತ್ತದೆ. ಕಾರು ಓಡಿಸುವ ಯಾರೂ ಹಾಗೆ ಕಾಲಿಡುವುದಿಲ್ಲ. ನಾನು ಓಡಿಸುವಾಗಲೂ ಇಡುವುದಿಲ್ಲ. ಗ್ಯಾರೇಜಿನಲ್ಲಂತೂ ಆ ಸೀಟಿನಲ್ಲಿ ಯಾರೂ ಕೂತಿರುವುದಿಲ್ಲ.

"ಪ್ಯಾಡ್ ಸವ್ಯೋದೂ ಅದಕ್ಕೇ, ಮೈಲೇಜ್ ಕಮ್ಮಿ ಆಗಿದ್ದೂ ಅದಕ್ಕೇ" ಎಂದರು ಮೇಸ್ತ್ರಿ. "ಆ ಕುಣಿಗಲ್ ಹುಡ್ಗ ಕಲಿಸ್ವಾಗ ಕಾಲು ಮಡಿಸ್ಕೊಂಡು ಕೂರ್ತಿದ್ದ. ಅವ್ನು ಬಿಟ್ಮೇಲೆ ಆ ಸೀಟಲ್ಲಿ ದಿನಾ ನೀವೇ. ನೋಡಿದೀನಿ."

ಅನುಮಾನಪಟ್ಟ ಪ್ರತಿಯೊಬ್ಬರ ಮುಖವೂ ಒಂದೊಂದಾಗಿ ಕಣ್ಣ ಮುಂದೆ ಬಂತು. ಪಕ್ಕದಲ್ಲೇ ಕಡಬದವಳು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಕಡೆ ತಿರುಗಲು ನನಗೆ ಧೈರ್ಯ ಸಾಲಲಿಲ್ಲ.

ಈ ಚಾಳಿ ಹೇಗೆ ಬಂತೆಂದು ನನಗೆ ಗೊತ್ತು. ಶುರುವಿನ ವರ್ಷಗಳಲ್ಲಿ ಒಬ್ಬಾಕೆ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದು ಫುಟ್‌ಪಾತ್ ಹತ್ತಿಸಿದ್ದಳು. ಅಲ್ಲಿ ಹೂ ಮಾರುವ ಅಜ್ಜಿ ಕೂತಿದ್ದರು. ಒಂದು ಮೊಳದ ಅಂತರದಲ್ಲಿ ನನ್ನ ಕಾಲು ಕಾರು ನಿಲ್ಲಿಸಿತು. ಆವತ್ತಿನಿಂದ ಯಾರು ಪಕ್ಕ ಕೂತರೂ ಕಾಲು ತಾನೇ ಹೋಗಿ ಕೂರುತ್ತದೆ. ಚೆನ್ನಾಗಿ ಕಲಿತವರ ಪಕ್ಕದಲ್ಲೂ ಅಷ್ಟೇ.

ಬೂಸ್ಟರ್ ಗುಬ್ಬಿಯಲ್ಲಿ ಸಿಗಲಿಲ್ಲ. ತುಮಕೂರಿನ ಅಂಗಡಿಗಳಲ್ಲಿ, ಆ ಮಾಡೆಲ್ ನಿಂತು ಎಷ್ಟೋ ವರ್ಷ ಆಯ್ತು ಎಂದರು. ಮೂರು ದಿನ ಹೀಗೇ ಹೋಯಿತು. ಕೊನೆಗೆ ನಾನು ನಾಲಿಗೆ ಕಚ್ಚಿಕೊಂಡು ಕುಣಿಗಲ್ಲಿನವನಿಗೇ ಫೋನ್ ಮಾಡಿದೆ. ಹಳೇ ಗಾಡಿ ಬಿಚ್ಚುವವರ ಪರಿಚಯ ಅವನಿಗಿತ್ತು.

"ತಪ್ಪಾಯ್ತಪ್ಪಾ. ನನ್ ಕಾಲೇ ಅಂತೆ" ಎಂದೆ.

"ಮಾಡೆಲ್ ನಂಬರ್ ಕಳ್ಸಿ ಮೇಡಂ" ಎಂದ. ನಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಸ್ ಕಂಡಕ್ಟರ್ ಕೈಯಲ್ಲಿ ಬೂಸ್ಟರ್ ಕಳಿಸಿಕೊಟ್ಟ. ಮೇಸ್ತ್ರಿ ಅದನ್ನು ಪರೀಕ್ಷೆ ಮಾಡಿ ಕೂರಿಸಿ, ಪೆಡಲ್ ಮೇಲೆ ಮೆಲ್ಲಗೆ, ಅರ್ಧ, ಪೂರ್ತಿ ಎಂದು ಹತ್ತು ಥರ ಕಾಲಿಟ್ಟು ನೋಡಿದರು. ಎಂಜಿನ್ ಸದ್ದು ಕದಲಲಿಲ್ಲ.

"ಗಾಡಿ ರೆಡಿ ಮೇಡಂ. ಇನ್ ನಿಮ್ ಕಾಲು ರಿಪೇರಿ ಮಾಡೋದು ನಂಗೆ ಬರಲ್ಲ ಬುಡಿ" ಎಂದರು. ಹತ್ತು ವರ್ಷದಲ್ಲಿ ಅವರು ಆಡಿದ ಮೊದಲ ತಮಾಷೆ ಅದು.

ತಮಾಷೆಯಾದರೂ ಸತ್ಯವೇ. ಟೆಸ್ಟಿಗೆ ಒಂದೇ ದಿನ ಉಳಿದಿತ್ತು. ಆವತ್ತಿನ ಪಾಠದಲ್ಲಿ ಕಾರು ನ್ಯೂಟ್ರಲ್ಲಿನಲ್ಲಿ ಒಂದು ಸಲವೂ ಆಫ್ ಆಗಲಿಲ್ಲ. ಆದರೆ ದಿಣ್ಣೆ ಹತ್ತಿಸುವಾಗ ನನ್ನ ಕಾಲು ಮತ್ತೆ ಹೋಯಿತು, ಬ್ರೇಕ್ ಹಿಡಿದುಕೊಂಡಿತು, ಅವಳು ಕ್ಲಚ್ ಬಿಟ್ಟಳು, ಎಂಜಿನ್ ನಿಂತಿತು. ಈಗ ತಪ್ಪನ್ನು ಕಾರಿನ ಮೇಲೆ ಹಾಕುವಂತೆಯೂ ಇರಲಿಲ್ಲ. ಬೇಕೆಂದೇ ಕಾಲು ಹಿಂದಕ್ಕೆ ಎಳೆದುಕೊಂಡರೆ, ಲಾರಿಯೊಂದು ಎದುರು ಬಂದ ಕೂಡಲೇ ತಿರುಗಿ ಅಲ್ಲೇ ಇತ್ತು. ಥೂ, ನನ್ನ ಕಾಲು ನನ್ನ ಮಾತೇ ಕೇಳುವುದಿಲ್ಲವಲ್ಲ ಎಂದು ಅಳು ಬರುವಂತಾಯಿತು.

ಟೆಸ್ಟಿನ ದಿನ ಅದೇ ಇನ್ಸ್‌ಪೆಕ್ಟರ್ ಬಂದು ಹಿಂದಿನ ಸೀಟಿನಲ್ಲಿ ಕೂತರು. "ಹೋದ್ಸಲ ಮೂರು ಸಲ ಆಫ್ ಮಾಡಿದ್ರಲ್ವಾ ನೀವು?" ಎಂದು ಅವಳನ್ನು ಕೇಳಿದರು.

"ಆಫ್ ಮಾಡಿದ್ದು ಅವಳಲ್ಲ ಸಾರ್, ನಾನು" ಎಂದೆ. ಇಷ್ಟು ಹೇಳಲೇಬೇಕು ಎಂದು ಇಡೀ ಬೆಳಿಗ್ಗೆ ಮನಸ್ಸಿನಲ್ಲೇ ಅಂದುಕೊಂಡು ಬಂದಿದ್ದೆ. ಬ್ರೇಕು, ಕಾಲು, ಬೂಸ್ಟರ್ ಎಂದು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದೆ. ಅವರು ನನ್ನನ್ನೂ ಅವಳನ್ನೂ ನೋಡಿ, "ಸರಿ, ಸ್ಟಾರ್ಟ್ ಮಾಡಿ" ಎಂದರು ಅಷ್ಟೇ.

ಆಗ ನಾನು ಚಪ್ಪಲಿ ಕಳಚಿ, ಸೀರೆ ಸರಿಮಾಡಿಕೊಂಡು, ಎರಡೂ ಕಾಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತೆ. ಬೆಲ್ಟ್ ಹಾಕಿಕೊಳ್ಳಲು ಪಟ್ಟ ಪಾಡು ಹೇಳುವ ಹಾಗಿಲ್ಲ.

"ಏನ್ ಮೇಡಂ, ಪೂಜೆಗೆ ಕೂತಂಗೆ ಕೂತಿದೀರ?" ಎಂದರು ಇನ್ಸ್‌ಪೆಕ್ಟರ್.

"ಹೀಗಿದ್ರೇ ಒಳ್ಳೇದು ಸಾರ್. ಅವಳು ಓಡಿಸ್ತಾಳೆ, ಹೋಗೋಣ."

ಅವಳು ಕನ್ನಡಿ ನೋಡಿದಳು. ಗೇರ್ ಹಾಕಿದಳು. ಕಾರು ಅಲುಗಾಡದೆ ಹೊರಟಿತು. ಎಂಟರ ಆಕಾರದಲ್ಲಿ ತಿರುಗಿಸಿದಳು, ಹಿಂದಕ್ಕೆ ತೆಗೆದು ಕಂಬಗಳ ನಡುವೆ ನಿಲ್ಲಿಸಿದಳು. ದಿಣ್ಣೆಯ ಮೇಲೆ ನಿಲ್ಲಿಸಿ ಮತ್ತೆ ಹೊರಡಬೇಕಾದಾಗ ಕಾರು ಹಿಂದಕ್ಕೆ ಒಂದು ಗೇಣು ಜಾರಿತು. ಮಡಿಸಿದ ಕಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಅವಳು ಹ್ಯಾಂಡ್‌ಬ್ರೇಕ್ ಎಳೆದು ಕಾರನ್ನು ಹಿಡಿದಳು, ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಟ್ಟಳು, ಎಂಜಿನ್ ಸದ್ದು ಭಾರವಾಯಿತು, ಹ್ಯಾಂಡ್‌ಬ್ರೇಕ್ ಇಳಿಸಿದಳು. ದಿಣ್ಣೆ ಹತ್ತಿತು. ಎರಡು ತಿಂಗಳಿಂದ ಜೀವವಿಲ್ಲ ಎಂದು ನಾನು ಬೈಯುತ್ತಿದ್ದ ಕಾಲು ಅದೇ.

ಪಾಸಾದಳು. ಸಭೆಗೆ ಇನ್ನೂ ಒಂಬತ್ತು ದಿನ ಇತ್ತು. ಇನ್ಸ್‌ಪೆಕ್ಟರ್ ಇಳಿದು ಹೋದ ಮೇಲೆ ಇಬ್ಬರೂ ಕಾರಿನಲ್ಲೇ ಕೂತಿದ್ದೆವು. ನನ್ನ ಕಾಲು ಜೋಮು ಹಿಡಿದಿತ್ತು.

"ತಪ್ಪಾಯ್ತು ಕಣಮ್ಮ" ಎಂದೆ. "ಎರಡು ತಿಂಗಳು ಸುಮ್ಸುಮ್ನೆ ಬೈದ್ಬಿಟ್ಟೆ ನಿನ್ನ. ನಂಗೆ ಗೊತ್ತೇ ಆಗ್ಲಿಲ್ಲ."

ಅವಳು ಸ್ಟೀರಿಂಗನ್ನು ಹೆಬ್ಬೆರಳಿನಿಂದ ಸವರುತ್ತಾ ಹೇಳಿದಳು. "ನಂಗೆ ಗೊತ್ತಿತ್ತು ಮೇಡಂ."

"ಏನ್ ಗೊತ್ತಿತ್ತು?"

"ನಿಮ್ ಕಾಲು ಬ್ರೇಕ್ ಮೇಲಿರೋದು. ನಿಮ್ದು ಒತ್ತಿದ್ರೆ ನನ್ ಕಡೆ ಪೆಡಲ್ಲೂ ತಾನೇ ಕೆಳೀಕೆ ಹೋಯ್ತದಲ್ಲ. ಎರಡನೇ ದಿನದಿಂದ್ಲೇ ನೋಡ್ತಿದ್ದೆ. ಅದು ಇಳ್ದಾಗೆಲ್ಲಾ ಎಂಜಿನ್ ಗೊರಗೊರ ಅನ್ನೋದು."

ಪ್ಲಗ್ಗು, ಪೆಟ್ರೋಲು, ಕುಣಿಗಲ್ಲು ಎಂದು ಹತ್ತು ದಿನ ನಾನು ಹುಡುಕಿದ್ದೆಲ್ಲ ಇವಳ ಕಣ್ಣ ಮುಂದೆಯೇ ಇತ್ತು.

"ಮತ್ತೆ ಹೇಳ್ಬಾರ್ದಿತ್ತೇನೇ? ಒಂದ್ಸಲ ಫೇಲಾದ್ಯಲ್ಲೇ! ಕೆಲಸಾನೇ ಹೋಗ್ತಿತ್ತಲ್ಲ!"

ಅವಳು ಆಗ ಮೊದಲ ಸಲ ನನ್ನ ಕಡೆ ನೇರವಾಗಿ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಕೇಳುವವಳ ಹಾಗೆ ಕೇಳಿದಳು.

"ಹೇಳಿದ್ರೆ ನಂಬ್ತಿದ್ರಾ ಮೇಡಂ?"

ಹೂಂ ಎನ್ನಬಹುದಿತ್ತು. ಅವಳು ಪಾಸಾಗಿದ್ದಳು, ಖುಷಿಯಲ್ಲಿದ್ದಳು, ಒಪ್ಪಿಕೊಂಡೂ ಬಿಡುತ್ತಿದ್ದಳು.

"ಇಲ್ಲ" ಎಂದೆ. "ನಂಬ್ತಿರ್ಲಿಲ್ಲ."

"ಅದ್ಕೇ ಹೇಳ್ಲಿಲ್ಲ" ಎಂದು ಅವಳು ಕೀ ತೆಗೆದು ನನ್ನ ಕೈಗಿಟ್ಟಳು.